ಬಾಳೆಯೆಲೆಯೂ ಹಡಗಿನ ಮೇಜೂ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಗಾದೆಯ ಈ ಎರಡು ಮಾತುಗಳನ್ನು ಬೇರೆಬೇರೆಯಾಗಿ ತಿಳಿಯುವುದೇ ವಾಡಿಕೆ. ಆದರೆ ಕಡಲಾಚೆಯಿಂದ ಬಂದವರೊಡನೆ ನಿತ್ಯವೂ ವ್ಯವಹರಿಸಬೇಕಾದ ಬಂದರುಗಳಲ್ಲಿ ಇವೆರಡೂ ಒಂದಾಗಿಬಿಡುತ್ತವೆ. ಅಲ್ಲಿ ಊಟವನ್ನರಿಯದವನಿಗೆ ಜಗಳವೂ ತಪ್ಪಿದ್ದಲ್ಲ. ಉತ್ತರ ಕನ್ನಡ ಜಿಲ್ಲೆಯ ಕುಮಟೆ, ಹೊನ್ನಾವರ, ಭಟ್ಕಳಗಳೆಂಬ ಮೂರು ರೇವುಪಟ್ಟಣಗಳ ಚರಿತ್ರೆಯು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ. ಇಲ್ಲಿಯ ಮೆಣಸು, ಅಕ್ಕಿ, ಅರಳೆಗಳ ವ್ಯಾಪಾರವನ್ನು ಕುರಿತೂ, ಕೋಟೆಕೊತ್ತಲಗಳ ಮುತ್ತಿಗೆಗಳನ್ನು ಕುರಿತೂ ಬರೆದವರು ಅನೇಕರುಂಟು. ಈ ಪದಾರ್ಥಗಳನ್ನು ಕೊಂಡವರೂ ಮಾರಿದವರೂ ವ್ಯವಹಾರ ಮುಗಿದ ಮೇಲೆ ಎಲ್ಲಿ ಕುಳಿತು, ಯಾರೊಡನೆ, ಏನನ್ನುಂಡರು ಎಂದು ವಿಚಾರಿಸಿದವರು ವಿರಳ. ವಿಚಾರವು ಕ್ಷುಲ್ಲಕವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಸರಕು ಸುಲಭವಾಗಿ ದಾಟಿದ ಹೊಸ್ತಿಲನ್ನು ಊಟವು ಸುಲಭವಾಗಿ ದಾಟಲಿಲ್ಲ. ಇದರಿಂದ ಪ್ರಾಣಗಳು ಹೋದುದೂ ಉಂಟು, ಮನೆಗಳು ಒಡೆದುದೂ ಉಂಟು.

ಈ ಕರಾವಳಿಯ ಊಟವನ್ನು ಕಣ್ಣಾರೆ ಕಂಡು ವಿವರವಾಗಿ ಬರೆದಿಟ್ಟ ಪರದೇಶಿಯರಲ್ಲಿ ಅಗ್ರಗಣ್ಯನು ಇಂಗ್ಲೀಷನಲ್ಲ, ಪೋರ್ತುಗೀಜನೂ ಅಲ್ಲ. ಮೊರಾಕ್ಕೊ ದೇಶದ ಟಾಂಜೀರ್ ಪಟ್ಟಣದ ಇಬ್ನ್ ಬತೂತನು. ಕ್ರಿ. ಶ. ೧೩೪೨ರ ಸುಮಾರಿಗೆ ಅವನು ಹೊನ್ನಾವರಕ್ಕೆ ಬಂದಾಗ ಅಲ್ಲಿ ಜಮಾಲುದ್ದೀನನೆಂಬ ಸುಲ್ತಾನನು ಆಳುತ್ತಿದ್ದನು. ಊರಿನಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು, ಗಂಡುಮಕ್ಕಳಿಗೆ ಇಪ್ಪತ್ತಮೂರು ಪಾಠಶಾಲೆಗಳಿದ್ದುವೆಂದು ಎಣಿಸಿ ಬರೆದ ಆ ಪ್ರವಾಸಿಯು ಸುಲ್ತಾನನ ಮನೆಯ ಊಟವನ್ನೂ ಅಷ್ಟೇ ಎಚ್ಚರದಿಂದ ಎಣಿಸಿದ್ದಾನೆ. ಅತಿಥಿಗಳ ಮುಂದೆ ತಾಮ್ರದ ಮಣೆ. ಅದರ ಮೇಲೆ ತಾಮ್ರದ ಹರಿವಾಣ. ರೇಶಿಮೆಯುಟ್ಟ ದಾಸಿಯೊಬ್ಬಳು ದೊಡ್ಡ ತಾಮ್ರದ ಸೌಟಿನಿಂದ ಒಂದು ಸೌಟು ಅನ್ನವನ್ನು ಬಡಿಸಿ, ಮೇಲೆ ತುಪ್ಪವನ್ನು ಸುರಿದು, ಪಕ್ಕದಲ್ಲಿ ಎಳೆಯ ಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವು, ಇವುಗಳ ಉಪ್ಪಿನಕಾಯಿಯನ್ನಿಡುವಳು. ಆ ಅನ್ನ ಮುಗಿದ ಮೇಲೆ ಇನ್ನೊಂದು ಸೌಟು ಅನ್ನ, ಅದಕ್ಕೆ ಕೋಳಿಯ ಪದಾರ್ಥ. ಆ ಬಳಿಕ ಬೇರೊಂದು ಬಗೆಯ ಕೋಳಿ. ಅನಂತರ ನಾನಾ ವಿಧದ ಮೀನು. ತರುವಾಯ ತುಪ್ಪದಲ್ಲಿ ಬೇಯಿಸಿದ ಕಾಯಿಪಲ್ಲೆ. ಕಟ್ಟಕಡೆಗೆ ಮೊಸರು. ಮೊಸರು ಬಂದಿತೆಂದರೆ ಇನ್ನೇನೂ ಬರತಕ್ಕದ್ದಿಲ್ಲವೆಂದು ಉಣ್ಣುವವರು ತಿಳಿಯಬೇಕು. ಕುಡಿಯುವುದಕ್ಕೆ ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ದೇಹಕ್ಕಾಗದೆಂದು ಕಾರಣ.

ಈ ವರ್ಣನೆಯನ್ನೋದಿದ ಕರಾವಳಿಯ ಗೃಹಿಣಿಗೆ ಇದು ಆರು ನೂರು ವರ್ಷಗಳಿಗೂ ಹಿಂದಿನ ಮಾತೆಂದು ನಂಬುವುದೇ ಕಷ್ಟ. ಅಪ್ಪೆಮಿಡಿಯ ಭರಣಿಯಿಲ್ಲದ ಮನೆ ಈ ಸೀಮೆಯಲ್ಲಿ ಇಂದಿಗೂ ಅಪರೂಪ; ಮೊಸರು ಮಜ್ಜಿಗೆಗಳಿಂದ ಊಟವನ್ನು ಮುಗಿಸುವ ಕ್ರಮವೂ ಹಾಗೆಯೇ ಉಳಿದಿದೆ. ಒಂದೇ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕೆಂಪು ಮೆಣಸಿನಕಾಯಿಯು ಆಗ ಭರತಖಂಡಕ್ಕೆ ಬಂದಿರಲಿಲ್ಲ; ಅಮೆರಿಕೆಯ ಆ ಬೆಳೆಯನ್ನು ಇಲ್ಲಿಗೆ ತಂದವರು ಮುಂದೆ ಬಂದ ಪೋರ್ತುಗೀಜರು. ಆದುದರಿಂದ ಜಮಾಲುದ್ದೀನನ ಹರಿವಾಣದಲ್ಲಿದ್ದ ಖಾರವೆಲ್ಲ ಕರಿಮೆಣಸಿನದೂ ಶುಂಠಿಯದೂ ಆಗಿತ್ತು. ಇಬ್ನ್ ಬತೂತನು ಬೇರೊಂದು ಸಲ ಬಂದಾಗ ಈ ಸುಲ್ತಾನನ ಬಳಿ ಹನ್ನೊಂದು ತಿಂಗಳು ನಿಂತು, ಅಷ್ಟು ಕಾಲವೂ ರೊಟ್ಟಿಯ ಮುಖವನ್ನೇ ಕಾಣದೆ ಅನ್ನವನ್ನುಂಡೆನೆಂದು ಹೇಳುತ್ತಾನೆ. ಗೋದಿಯ ನಾಡಿನಲ್ಲಿ ಹುಟ್ಟಿದವನಿಗೆ ಇದು ಸಣ್ಣ ಕಷ್ಟವಲ್ಲ. ಆದರೂ ಅವನು ಆತಿಥೇಯನ ಕ್ರಮಕ್ಕೆ ತನ್ನನ್ನು ಒಪ್ಪಿಸಿಕೊಂಡನು. ಅತಿಥಿಯೂ ಆತಿಥೇಯನೂ ಒಂದೇ ಮತದವರಾಗಿದ್ದುದು ಇದಕ್ಕೆ ಅನುಕೂಲವಾಯಿತೆಂಬುದು ನಿಜ. ಆದರೂ ಬಂದವನು ಊರಿನ ಊಟವನ್ನು ಕಲಿಯಬೇಕು, ಊರವರು ಬಂದವನಿಗೆ ಬಡಿಸಬೇಕು ಎಂಬ ಸರಳವಾದ ಒಪ್ಪಂದದ ಮೇಲೆಯೇ ಆ ಕಾಲದ ಬಂದರು ನಡೆಯಿತೆಂಬುದನ್ನು ಇಲ್ಲಿ ಕಾಣಬಹುದು.

ಪೋರ್ತುಗೀಜರೊಡನೆ ಈ ಒಪ್ಪಂದದ ಸ್ವರೂಪವು ಬದಲಾಯಿತು. ೧೫೦೨ರಲ್ಲಿ ವಾಸ್ಕೊ ಡ ಗಾಮನ ನೌಕಾಪಡೆಯು ಭಟ್ಕಳದ ಮುಂದೆ ನಿಂತು ಅಲ್ಲಿಯ ಅರಸನಿಂದ ಕಪ್ಪವನ್ನು ಕೇಳಿತು. ಆ ಕಪ್ಪವು ಹೊನ್ನಿನದಲ್ಲ, ಅಕ್ಕಿಯದು. ಗಾಸ್ಪರ್ ಕೊರೆಯನು ಬರೆದಿರುವ ಪ್ರಕಾರ, ವರ್ಷಕ್ಕೆ ಸಾವಿರ ಹೇರು ಸಾಧಾರಣ ಅಕ್ಕಿ ಹಡಗಿನ ಆಳುಗಳಿಗೆ, ಐನೂರು ಹೇರು ಉತ್ತಮ ಅಕ್ಕಿ ಕಪ್ತಾನರಿಗೆ. ಬಡಿಸಿದುದನ್ನು ಉಣ್ಣುವ ಅತಿಥಿಯು ಹೋಗಿ, ಇಂಥದನ್ನೇ ಬಡಿಸೆಂದು ಆಜ್ಞಾಪಿಸುವ ಅತಿಥಿಯು ಬಂದನು. ಜಾತಿಜಾತಿಗೆ ಬೇರೆ ಪಂಕ್ತಿಯೆಂದು ಹಿಂದುಗಳನ್ನು ಆಕ್ಷೇಪಿಸಿದ ಫರಂಗಿಗಳ ಹಡಗಿನಲ್ಲಿಯೂ ಪಂಕ್ತಿಭೇದವುಂಟು, ಅದು ಅಕ್ಕಿಯ ಕಾಳಿನವರೆಗೂ ಇಳಿದಿತ್ತು ಎಂಬುದಕ್ಕೆ ಈ ಕಪ್ಪವೇ ಸಾಕ್ಷಿ. ೧೫೪೨ರಲ್ಲಿ ಮಾರ್ಟಿಮ್ ಅಫೊನ್ಸೊ ಡ ಸೋಜನು ಭಟ್ಕಳವನ್ನು ಸುಟ್ಟನು. ಆ ಬಳಿಕವೂ ಗೇರಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಸೀಮೆಯ ಮೆಣಸು ಯುರೋಪಿಗೆ ಹೋಗುತ್ತಲೇ ಇತ್ತು. ಪೋರ್ತುಗೀಜರು ಆಕೆಯನ್ನು ಮೆಣಸಿನ ರಾಣಿಯೆಂದೇ ಕರೆದರು. ಊರು ಸುಟ್ಟರೂ ವ್ಯಾಪಾರ ನಿಲ್ಲಲಿಲ್ಲ. ಆದರೆ ಒಂದೇ ಮಣೆಯ ಮುಂದೆ ಕುಳಿತ ಕಾಲವು ತಿರುಗಿ ಬರಲಿಲ್ಲ.

ಇಂಗ್ಲೀಷರು ಬಂದುದು ಇದಾದ ಒಂದು ಶತಮಾನದ ಮೇಲೆ. ಸರ್ ವಿಲಿಯಂ ಕೋರ್ಟೀನನ ವ್ಯಾಪಾರಮಂಡಲಿಯು ಕಪ್ತಾನ ಜಾನ್ ವೆಡಲನ ಕೈಕೆಳಗೆ ಕಳುಹಿಸಿದ ಹಡಗುಗಳು ೧೬೩೭ರ ಆರಂಭದಲ್ಲಿ ಭಟ್ಕಳದಲ್ಲಿದ್ದುವು. ಅವುಗಳಲ್ಲಿ ಪೀಟರ್ ಮಂಡಿಯೆಂಬ ಪ್ರವಾಸಿಯೂ ಇದ್ದನು. ಇಕ್ಕೇರಿಯ ವೀರಭದ್ರನಾಯಕನ ಅನುಮತಿಯನ್ನು ಪಡೆದು ಅವರು ಭಟ್ಕಳದಲ್ಲಿ ಕೋಠಿಯನ್ನು ತೆರೆದರು. ಈ ಇಂಗ್ಲೀಷರು ಹಡಗಿನಲ್ಲಿ ಏನನ್ನುಣ್ಣುತ್ತಿದ್ದರು? ಮುಂದಿನ ಕಾಲದ ವಿಲಾಯತಿ ಮೇಜಿನ ವೈಭವವನ್ನು ಇಲ್ಲಿ ಊಹಿಸಿಕೊಳ್ಳಲಾಗದು. ಕಲ್ಲಿನಂತಹ ಒಣ ಬಿಸ್ಕತ್ತು, ಪೀಪಾಯಿಗಳಲ್ಲಿ ಉಪ್ಪುಹಾಕಿಟ್ಟ ದನದ ಮತ್ತು ಹಂದಿಯ ಮಾಂಸ, ಬಟಾಣಿ, ಚೀಜ್, ಇವಿಷ್ಟೇ ನಾವಿಕನ ಆಹಾರ. ೧೬೭೭ರಲ್ಲಿ ಸೆಮ್ಯುಅಲ್ ಪೀಪ್ಸನು ಅರಸನ ನೌಕಾಪಡೆಗೆ ಗೊತ್ತುಮಾಡಿದ ಪಡಿಯಲ್ಲಿ ಆಳಿಗೆ ದಿನಕ್ಕೆ ಒಂದು ರಾತಲು ಬಿಸ್ಕತ್ತು, ಒಂದು ಗ್ಯಾಲನ್ ಬಿಯರು ಎಂದಿದೆ. ನಾಲ್ಕು ಜನರಿಗೆ ಒಂದು ಕೂಟ. ಕೂಟಕ್ಕೆ ಕೂಡಿ ಪಡಿ. ಕಪ್ತಾನನ ಮೇಜು ಬೇರೆ. ಅಟ್ಟದ ಮೇಲೆ ಗೂಡುಗಳಲ್ಲಿಟ್ಟು ಸಾಕಿದ ಕೋಳಿ ಕುರಿಗಳು ಅವನ ಊಟಕ್ಕೆ ಮೀಸಲು. ತಾಜಾ ಕಾಯಿಪಲ್ಲೆಗಳಿಲ್ಲದೆ ತಿಂಗಳುಗಟ್ಟಲೆ ಕಳೆದ ನಾವಿಕರು ಒಸಡು ಕೊಳೆತು ಸಾಯುತ್ತಿದ್ದರು. ೧೬೦೧ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪ್ರಥಮ ಯಾನವನ್ನು ನಡೆಸಿದ ಜೇಮ್ಸ್ ಲ್ಯಾಂಕಾಸ್ಟರನು ತನ್ನ ಹಡಗಿನವರಿಗೆ ಪ್ರತಿದಿನ ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ ಮೂರು ಚಮಚ ನಿಂಬೆಯ ರಸವನ್ನು ಕೊಟ್ಟು ಅವರನ್ನುಳಿಸಿಕೊಂಡನು. ಈ ಮದ್ದು ಬ್ರಿಟಿಷ್ ನೌಕಾಪಡೆಯಲ್ಲಿ ನಿಯಮವಾಗುವುದಕ್ಕೆ ೧೭೯೫ರ ತನಕ ಕಾಯಬೇಕಾಯಿತು. ಹೊನ್ನಾವರದಲ್ಲಿ ೧೩೪೨ರಲ್ಲಿಯೇ ಎಲ್ಲಕ್ಕಿಂತ ಮೊದಲು ಬಡಿಸುತ್ತಿದ್ದ ನಿಂಬೆಯು ಇಂಗ್ಲೀಷರ ಹಡಗನ್ನು ಏರುವುದಕ್ಕೆ ಅಷ್ಟು ಕಾಲ ಹಿಡಿಯಿತು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಕೈಯಿಂದ ಉಣ್ಣುವುದನ್ನು ಮುಂದೆ ಹೀನಾಯಿಸಿದ ಇಂಗ್ಲೀಷರ ಪೂರ್ವಿಕರು ಆ ಕಾಲದಲ್ಲಿ ತಾವೇ ಕೈಯಿಂದ ಉಣ್ಣುತ್ತಿದ್ದರು. ಚೂರಿಯಿಂದ ಕೊಯ್ದು ಬೆರಳಿನಿಂದ ತಿನ್ನುವುದೇ ಅವರ ರೂಢಿ. ಮುಳ್ಳುಚಮಚವನ್ನು ಇಟಲಿಯಲ್ಲಿ ಕಂಡು, ಅದರ ಬಳಕೆಯನ್ನು ೧೬೧೧ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಬಣ್ಣಿಸಿದ ಟಾಮಸ್ ಕೋರ್ಯಾಟನನ್ನು ಸ್ವದೇಶೀಯರು ಪರಿಹಾಸ್ಯ ಮಾಡಿದರು. ಆ ಕೋರ್ಯಾಟನೇ ಮುಂದೆ ಕಾಲ್ನಡಿಗೆಯಿಂದ ಹಿಂದುಸ್ಥಾನಕ್ಕೆ ಬಂದು ೧೬೧೭ರಲ್ಲಿ ಸೂರತಿನಲ್ಲಿ ತೀರಿಕೊಂಡನು. ಆದುದರಿಂದ ಭಟ್ಕಳದಲ್ಲಿಳಿದ ಮೊದಲಿನ ಇಂಗ್ಲೀಷ ವರ್ತಕನಿಗೂ ಊರಿನ ಸೆಟ್ಟಿಗೂ ನಡುವೆ ಇದ್ದ ಭೇದವು ಕೈಗೂ ಮುಳ್ಳುಚಮಚಕ್ಕೂ ಇದ್ದ ಭೇದವಲ್ಲ. ಎಲೆಯ ಮೇಲೆ ಏನಿದೆ, ಪಕ್ಕದಲ್ಲಿ ಯಾರಿದ್ದಾರೆ ಎಂಬ ಭೇದವು.

ಇಕ್ಕೇರಿಯ ಅರಸರು ವೀರಶೈವರು, ಮಾಂಸವನ್ನು ಮುಟ್ಟತಕ್ಕವರಲ್ಲ. ೧೬೨೩ರಲ್ಲಿ ಹೊನ್ನಾವರದ ಮಾರ್ಗವಾಗಿ ಇಕ್ಕೇರಿಗೆ ಹೋದ ಪಿಯೆತ್ರೊ ದೆಲ್ಲ ವಾಲೆಯು ಇದನ್ನು ಗುರುತಿಸಿದ್ದಾನೆ. ಅಂಥವರ ರಾಜ್ಯದ ಬಂದರಿನಲ್ಲಿ ಗೋಮಾಂಸವೇ ಪ್ರಧಾನವಾದ ಆಹಾರವುಳ್ಳ ಜನರು ಬಂದು ನೆಲಸಿದರು. ಕಂಪನಿಯವರ ಕೋಠಿಗಳಲ್ಲಿ ಊಟವು ಖಾಸಗಿಯ ವಿಷಯವೂ ಅಲ್ಲ. ಸೂರತಿನ ಕೋಠಿಯಲ್ಲಿ ಎಲ್ಲ ನೌಕರರೂ ಒಂದೇ ಮೇಜಿನಲ್ಲಿ, ಅಧಿಕಾರದ ಕ್ರಮದಿಂದ ಮೇಲೆ ಕೆಳಗೆ ಕುಳಿತು ಉಣ್ಣಬೇಕೆಂಬ ನಿಯಮವಿತ್ತು. ೧೬೮೯ರಲ್ಲಿ ಅಲ್ಲಿಗೆ ಬಂದ ಓವಿಂಗ್ಟನನೆಂಬ ಪಾದ್ರಿಯು ಬೆಳ್ಳಿಯ ತಟ್ಟೆಗಳನ್ನೂ, ಊಟಕ್ಕೆ ಮೊದಲೂ ಆಮೇಲೂ ಬೆಳ್ಳಿಯ ಗಿಂಡಿಯಿಂದ ಕೈಗೆ ನೀರು ಹಾಕುವ ಆಳನ್ನೂ, ಇಂಗ್ಲೀಷ, ಪೋರ್ತುಗೀಜ, ಹಿಂದುಸ್ಥಾನಿ ಎಂಬ ಮೂರು ಬಗೆಯ ಅಡಿಗೆಯವರನ್ನೂ ಬಣ್ಣಿಸಿದ್ದಾನೆ. ಮೂರು ದೇಶಗಳ ಅಡಿಗೆಯು ಮೇಜಿಗೆ ಬಂದಿತ್ತು. ಮೂರು ದೇಶಗಳ ಜನರು ಮೇಜಿಗೆ ಬಂದಿರಲಿಲ್ಲ. ಭಟ್ಕಳದ ಕೋಠಿಯು ಸೂರತಿನಷ್ಟು ಶ್ರೀಮಂತವಾಗಿರಲಿಲ್ಲ. ಅಲ್ಲಿ ಇಂಗ್ಲೀಷರ ಆಯುಸ್ಸೂ ದೀರ್ಘವಾಗಿರಲಿಲ್ಲ: ೧೬೩೭ ಮತ್ತು ೧೬೩೮ನೆಯ ಇಸವಿಗಳ ಮೂರು ಗೋರಿಗಳನ್ನು ೧೮೮೩ರಲ್ಲಿ ಪ್ರಕಟವಾದ ಮುಂಬಯಿ ಇಲಾಖೆಯ ಕೆನರಾ ಗೆಜೆಟಿಯರು ದಾಖಲಿಸಿದೆ, ಅವುಗಳಲ್ಲೊಂದು ಶಸ್ತ್ರವೈದ್ಯ ವಿಲಿಯಂ ಬಾರ್ಟನನದು. ರೋಗಿಗಳನ್ನು ಕಾಯಬೇಕಾದವನೇ ಎರಡು ಮಳೆಗಾಲಗಳನ್ನು ಮೀರಿ ಉಳಿಯಲಿಲ್ಲ.

ಈ ಕೋಠಿಯ ಸಂಬಂಧವಾಗಿ ಹೇಳುವ ಘೋರವಾದ ಕಥೆಯೊಂದುಂಟು. ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಕಪ್ತಾನನು ೧೭೨೭ರಲ್ಲಿ ಎಡಿನ್‌ಬರೋದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅದು ಬಂದಿದೆ. ಸುಮಾರು ೧೬೭೦ರಲ್ಲಿ ಸರಕು ತುಂಬಲು ಬಂದ ಇಂಗ್ಲೀಷ ಹಡಗಿನ ಕಪ್ತಾನನು ಕೋಠಿಯ ಮುಖ್ಯನಿಗೆ ವಿಲಾಯತಿಯ ಬುಲ್‌ಡಾಗ್ ನಾಯಿಯೊಂದನ್ನು ಉಡುಗೊರೆಯಾಗಿ ಕೊಟ್ಟನು. ಹಡಗು ಹೋದ ಮೇಲೆ ಕೋಠಿಯವರು ನಾಯಿಯೊಡನೆ ಬೇಟೆಗೆ ಹೊರಟು ಊರೊಳಗಿಂದ ಹೋಗುತ್ತಿರುವಾಗ ಅದು ದೇವಾಲಯಕ್ಕೆ ಬಿಟ್ಟಿದ್ದ ಆಕಳೊಂದನ್ನು ಹಿಡಿದು ಕೊಂದಿತು. ಜನರು ಕೆರಳಿ ಗುಂಪುಗೂಡಿ ಕೋಠಿಯ ಹದಿನೆಂಟು ಮಂದಿಯನ್ನೂ ಸಂಹರಿಸಿದರು. ಇಂಗ್ಲೀಷರಲ್ಲಿ ಸ್ನೇಹವಿಟ್ಟಿದ್ದ ಊರವರೇ ಕೆಲವರು ದೊಡ್ಡದೊಂದು ಗುಂಡಿಯನ್ನು ತೋಡಿಸಿ ಅವರೆಲ್ಲರನ್ನೂ ಅದರಲ್ಲಿ ಹೂಳಿದರು. ಕಾರವಾರದ ಕೋಠಿಯ ಮುಖ್ಯನು ಕಳುಹಿಸಿದ ಶಿಲಾಲೇಖದಲ್ಲಿ ಜಾನ್ ಬೆಸ್ಟ್ ಎಂಬವನ ಹೆಸರಿತ್ತೆಂದೂ, ತಪ್ಪನ್ನೆಲ್ಲ ಪೂಜಾರಿಗಳ ಹುಚ್ಚಿನ ಮೇಲೂ ಗುಂಪಿನ ರೋಷದ ಮೇಲೂ ಹೊರಿಸಲಾಗಿತ್ತೆಂದೂ ಹ್ಯಾಮಿಲ್ಟನನು ಹೇಳುತ್ತಾನೆ.

ಈ ಕಥೆಯನ್ನು ಓದುವಾಗ ಎರಡು ಮಾತುಗಳನ್ನು ನೆನಪಿನಲ್ಲಿಡಬೇಕು. ಹ್ಯಾಮಿಲ್ಟನನು ಪೂರ್ವದೇಶಗಳಿಗೆ ಬಂದುದು ೧೬೮೮ರಲ್ಲಿ. ಆದುದರಿಂದ ಇದು ಅವನು ಕಂಡುದಲ್ಲ, ಕೇಳಿದುದು. ಕೊಲೆಯಾದವರ ಪಕ್ಷದ ಕಲ್ಲು ಮಾತ್ರ ಮಾತನಾಡಿದೆ. ಊರವರ ಪಕ್ಷದ ಮಾತನ್ನು ಬರೆದವರಿಲ್ಲ. ಹಾಗಿದ್ದರೂ ಕಥೆಯ ಒಳಗಿರುವ ಸತ್ಯವು ಸ್ಪಷ್ಟವಾಗಿದೆ. ಬುಲ್‌ಡಾಗ್ ಎಂಬುದು ಇಂಗ್ಲೆಂಡಿನಲ್ಲಿ ಗೂಳಿಯ ಮೇಲೆ ಬಿಟ್ಟು ಕೆಣಕುವ ವಿನೋದಕ್ಕೆಂದೇ ಬೆಳೆಯಿಸಿದ ತಳಿ. ಗೂಳಿಯನ್ನು ಹಾಗೆ ನಾಯಿಗಳಿಂದ ಕಚ್ಚಿಸಿ ಕಡಿದರೆ ಮಾಂಸವು ಮೆತ್ತಗಾಗುವುದೆಂದು ಅಲ್ಲಿಯ ಜನರ ನಂಬಿಕೆ. ಅಂದರೆ ಆ ನಾಯಿಯು ಭಟ್ಕಳದ ಬೀದಿಯಲ್ಲಿ ಮಾಡಿದುದು ಅದರ ಊರಿನಲ್ಲಿ ಅಡಿಗೆಮನೆಗೂ ಮೋಜಿಗೂ ಸಲ್ಲುವ ಕೆಲಸವನ್ನೇ. ಕಪ್ತಾನನಿಗೆ ಅದು ಸೊಗಸಾದ ಉಡುಗೊರೆ. ಊರವರಿಗೆ ದೇವರ ಮೇಲೆ ಬಿದ್ದ ಪೆಟ್ಟು. ಹದಿನೆಂಟು ಜನರ ಕೊಲೆಯನ್ನು ಯಾವ ಧರ್ಮವೂ ಸಮರ್ಥಿಸದು. ಆದರೆ ಮೂವತ್ತು ವರ್ಷಗಳ ಕೊಳ್ಳುಕೊಡೆಯ ಬಳಿಕವೂ, ನೆರೆಯವನು ಏನನ್ನು ಉಣ್ಣುವುದಿಲ್ಲ, ಏಕೆ ಉಣ್ಣುವುದಿಲ್ಲ ಎಂಬುದನ್ನು ತಿಳಿಯದೆ ವ್ಯಾಪಾರ ಮಾಡಬಹುದೆಂದು ಭಾವಿಸಿದುದರ ಫಲವನ್ನು ಈ ಕಥೆ ತೋರಿಸುತ್ತದೆ. ಗುಂಡಿಯನ್ನು ತೋಡಿಸಿದ ಆ ಹೆಸರಿಲ್ಲದ ಸ್ನೇಹಿತರೂ ಅದೇ ಊರಿನವರೆಂಬುದನ್ನು ಮರೆಯಬಾರದು.

ಮುಂದಿನ ಎರಡು ಶತಮಾನಗಳಲ್ಲಿ ಇಂಗ್ಲೀಷರ ಊಟವು ಸಂಪೂರ್ಣವಾಗಿ ಮಾರ್ಪಟ್ಟಿತು. ಆ ಮಾರ್ಪಾಟಿನ ಮೊಳಕೆಯೂ ಭಟ್ಕಳಕ್ಕೆ ಬಂದ ಅದೇ ಹಡಗುಗಳಲ್ಲಿತ್ತು. ವೆಡಲನ ಪಡೆಯು ಭಟ್ಕಳದಿಂದ ಚೀನಕ್ಕೆ ಹೋದಾಗ, ೧೬೩೭ರಲ್ಲಿಯೇ, ಪೀಟರ್ ಮಂಡಿಯು ಅಲ್ಲಿಯ ಜನರು ಕೊಟ್ಟ ‘ಚಾ’ ಎಂಬ ಪಾನೀಯವನ್ನು ಕುಡಿದು, ಅದು ಯಾವುದೋ ಸೊಪ್ಪನ್ನು ಕುದಿಸಿದ ನೀರಷ್ಟೇ ಎಂದು ಬರೆದನು. ೧೬೬೨ರಲ್ಲಿ ಪೋರ್ತುಗಾಲದ ರಾಜಪುತ್ರಿ ಕ್ಯಾಥರೀನಳು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನ ರಾಣಿಯಾಗಿ ಹೋದಾಗ ಮುಂಬಯಿಯನ್ನು ಬಳುವಳಿಯಾಗಿ ಒಯ್ದಳು. ಚಹಾ ಕುಡಿಯುವ ಅಭ್ಯಾಸವೂ ಆಕೆಯಿಂದ ಅರಮನೆಯಲ್ಲಿ ಹೆಚ್ಚಿತು. ಹದಿನೇಳನೆಯ ಶತಮಾನದ ಆದಿಯಲ್ಲಿ ಇಂಗ್ಲೀಷರ ಪ್ರಧಾನ ಭೋಜನವು ಮಧ್ಯಾಹ್ನಕ್ಕೆ ಸರಿಯಾಗಿ, ಕೆಲವೆಡೆ ಹನ್ನೊಂದು ಗಂಟೆಗೇ ಆಗುತ್ತಿತ್ತು. ಅದು ಕ್ರಮೇಣ ಜರುಗಿ ಜರುಗಿ ಹತ್ತೊಂಬತ್ತನೆಯ ಶತಮಾನದಲ್ಲಿ ರಾತ್ರಿಯ ಏಳೆಂಟು ಗಂಟೆಗೆ ಬಂದು ನಿಂತಿತು. ತೆರವಾದ ಮಧ್ಯಾಹ್ನಕ್ಕೆ ಲಂಚ್ ಎಂಬ ಲಘುಭೋಜನ ಹುಟ್ಟಿತು. ಲಂಚಿಗೂ ಡಿನ್ನರಿಗೂ ನಡುವಣ ಹಸಿವಿಗೆ ೧೮೪೦ರ ಸುಮಾರಿನಲ್ಲಿ ಸಂಜೆಯ ಚಹಾ ಬಂದಿತು. ಬಡಿಸುವ ಕ್ರಮವೂ ಬದಲಾಯಿತು. ಹಿಂದೆ ಹತ್ತಾರು ಪದಾರ್ಥಗಳನ್ನು ಒಮ್ಮೆಗೇ ಮೇಜಿನ ಮೇಲೆ ಹರಡುತ್ತಿದ್ದರು. ಸಾರು, ಮೀನು, ಮಾಂಸ, ಸಿಹಿ ಎಂದು ಒಂದಾದ ಮೇಲೊಂದನ್ನು ಬಡಿಸುವ ಪದ್ಧತಿಯು ರಶಿಯದಿಂದ ಕಲಿತುದು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಬಳಕೆಗೆ ಬಂದುದು. ಹೊನ್ನಾವರದ ದಾಸಿಯು ಸೌಟನ್ನು ಹಿಡಿದು ಕ್ರಮವಾಗಿ ಬಡಿಸಿ ಆಗಲೇ ಐದು ಶತಮಾನಗಳು ಕಳೆದಿದ್ದುವು. ಹೀಗಿದ್ದರೂ ವಿಲಾಯತಿಯ ಊಟದ ಕ್ರಮವು ಅನಾದಿಯಾದ ನಾಗರಿಕತೆಯ ಲಕ್ಷಣವೆಂದು ಇಂಗ್ಲೀಷರೂ ನಂಬಿದರು; ಅವರನ್ನು ನೋಡಿ ಇಲ್ಲಿಯ ವಿದ್ಯಾವಂತರಲ್ಲಿಯೂ ಅನೇಕರು ನಂಬಿದರು.

ಆ ನಂಬಿಕೆಗೆ ಗುಡಿಯಂತಿದ್ದುದು ಪಿ. ಅಂಡ್ ಓ. ಕಂಪನಿಯ ಆಗಬೋಟು. ಈ ಕಂಪನಿಯು ೧೮೪೪ರಷ್ಟು ಹಿಂದೆಯೇ ಭೂಮಧ್ಯಸಮುದ್ರದಲ್ಲಿ ವಿಹಾರಯಾತ್ರೆಗಳನ್ನು ಏರ್ಪಡಿಸಿ, ಕಾದಂಬರಿಕಾರ ಥ್ಯಾಕರೆಯನ್ನು ಪುಕ್ಕಟೆಯಾಗಿ ಕರೆದೊಯ್ದಿತ್ತು. ೧೮೬೯ರಲ್ಲಿ ಸುಯೆಜ್ ಕಾಲುವೆ ತೆರೆದ ಮೇಲೆ ಮುಂಬಯಿಯಿಂದ ವಿಲಾಯತಿಗೆ ಯಾನವು ಕೆಲವೇ ವಾರಗಳದಾಯಿತು. ಮೊದಮೊದಲು ಮದ್ಯದ ಬೆಲೆಯೂ ಟಿಕೀಟಿನಲ್ಲಿಯೇ ಸೇರಿತ್ತು. ಮಂಜುಗಡ್ಡೆಯ ಯಂತ್ರಗಳು ಬರುವ ತನಕ ಕುರಿಕೋಳಿಗಳು ಹಡಗಿನಲ್ಲಿಯೇ ಪಯಣ ಮಾಡುತ್ತಿದ್ದುವು. ನಸುಕಿನಲ್ಲಿ ಕೋಣೆಗೆ ಚಹಾ, ಮುಂಜಾನೆಯ ಉಪಾಹಾರ, ನಡುಹಗಲಿನ ಟಿಫಿನ್, ಸಂಜೆಯ ಚಹಾ, ಆಮೇಲೆ ಉಡುಪನ್ನು ಬದಲಿಸಿಕೊಂಡು ಬರಬೇಕಾದ ಡಿನ್ನರ್. ಪ್ರತಿಯೊಂದಕ್ಕೂ ಕಹಳೆಯ ಇಲ್ಲವೆ ಜಾಗಟೆಯ ಕರೆ. ಕಡಲು ಕೆರಳಿದಾಗ ತಟ್ಟೆಗಳು ಜಾರದಂತೆ ಮೇಜಿಗೆ ಮರದ ಕಟ್ಟುಗಳನ್ನು ಬಿಗಿಯುವರು. ಮೊದಲನೆಯ ತರಗತಿಗೆ ಒಂದು ಭೋಜನಶಾಲೆ, ಎರಡನೆಯದಕ್ಕೆ ಇನ್ನೊಂದು. ಕಪ್ತಾನನ ಮೇಜಿನಲ್ಲಿ ಸ್ಥಾನವು ದೊರೆಯುವುದು ಮಾನದ ಮಾತು. ಬಡಿಸುವವರು ಬಹುಮಟ್ಟಿಗೆ ಗೋವೆಯ ಕ್ರೈಸ್ತರು. ಹಡಗಿನ ಖಲಾಸಿಗಳಿಗೆ ಅಡಿಗೆ ಬೇರೆ, ಅಡಿಗೆಯವನೂ ಬೇರೆ. ಅವನಿಗೆ ಭಂಡಾರಿಯೆಂದು ಹೆಸರು. ಅ ಜಾತಿಯವನು ಬಡಿಸಿದುದನ್ನು ಇ ಜಾತಿಯವನು ಮುಟ್ಟನೆಂದು ಹಿಂದುವನ್ನು ನೋಡಿ ನಗುತ್ತಿದ್ದ ಸಾಹೇಬನು, ಎರಡನೆಯ ತರಗತಿಯವನೊಡನೆ ತಾನು ಏಕೆ ಉಣ್ಣಲಾರೆನೆಂದು ಎಂದಾದರೂ ಕೇಳಿಕೊಂಡನೋ ಇಲ್ಲವೋ. ಈ ಮೇಜಿನ ಮೇಲೆ ಕರಿಯೂ ಅನ್ನವೂ ಇರುತ್ತಿದ್ದುವು. ತಮಿಳರ ಮಿಳಗುತಣ್ಣೀರು, ಎಂದರೆ ಮೆಣಸಿನ ಸಾರು, ‘ಮಲ್ಲಿಗಟಾನಿ’ ಎಂಬ ಹೆಸರನ್ನು ತಳೆದು ಸೂಪುಗಳ ಸಾಲಿನಲ್ಲಿ ಸೇರಿತ್ತು.

ಕುಮಟೆ, ಹೊನ್ನಾವರ, ಭಟ್ಕಳಗಳ ಜನಸಾಮಾನ್ಯರಿಗೆ ಪರಿಚಿತವಾದ ಆಗಬೋಟು ಮಾತ್ರ ಇದಲ್ಲ. ಅಮೆರಿಕೆಯ ಅಂತಃಕಲಹದ ದಿನಗಳಲ್ಲಿ, ೧೮೬೧ರಿಂದ ೧೮೬೫ರ ತನಕ, ಧಾರವಾಡ ಸೀಮೆಯ ಅರಳೆಯು ಕುಮಟೆಯ ಬಂದರಿನಿಂದ ಹೋಗಿ ‘ಕುಮಟಾ ಹತ್ತಿ’ ಎಂದೇ ಪರದೇಶದ ಪೇಟೆಗಳಲ್ಲಿ ಹೆಸರಾಯಿತು. ೧೮೬೨ರಲ್ಲಿ ಉತ್ತರ ಕನ್ನಡವು ಮದರಾಸು ಇಲಾಖೆಯಿಂದ ಮುಂಬಯಿ ಇಲಾಖೆಗೆ ಸೇರಿದ ಮೇಲೆ ಓದಿಗೂ ಉದ್ಯೋಗಕ್ಕೂ ಮುಂಬಯಿಗೆ ಹೋಗುವವರು ಹೆಚ್ಚಿದರು. ಮಳೆಗಾಲ ಕಳೆದ ಮೇಲೆ ಕರಾವಳಿಯ ಆಗಬೋಟುಗಳು ದಡದಿಂದ ದೂರದಲ್ಲಿ ನಿಲ್ಲುವುವು. ಜನರು ದೋಣಿಗಳಲ್ಲಿ ಹೋಗಿ ಏರುವರು. ಅಟ್ಟದ ಮೇಲೆ ಚಾಪೆ ಹಾಸಿ, ಮನೆಯಿಂದ ತಂದ ಅವಲಕ್ಕಿಯ ಗಂಟನ್ನು ಬಿಚ್ಚಿ, ನೆರೆಯವನ ನೆರಳು ಬೀಳದಂತೆ ತಿರುಗಿ ಕುಳಿತು ತಿಂದರೆ ಆಚಾರಕ್ಕೂ ಭಂಗವಿಲ್ಲ, ಪಯಣಕ್ಕೂ ಭಂಗವಿಲ್ಲ. ಒಂದೆರಡು ದಿನಗಳ ಯಾನಕ್ಕೆ ಈ ಉಪಾಯವು ಸಾಕಾಯಿತು. ಮೂರು ನಾಲ್ಕು ವಾರಗಳ ವಿಲಾಯತಿಯ ಯಾನಕ್ಕೆ ಸಾಲದಾಯಿತು.

ಹೀಗೆ ಹಳೆಯ ಪ್ರಶ್ನೆಯು ತಲೆಕೆಳಗಾಗಿ ಮರಳಿತು. ಇಂಗ್ಲೀಷನು ಭಟ್ಕಳದಲ್ಲಿ ಹೇಗೆ ಉಣ್ಣಬೇಕೆಂಬುದು ಹಳೆಯ ಪ್ರಶ್ನೆ; ಹೊನ್ನಾವರದವನು ಇಂಗ್ಲೀಷರ ಹಡಗಿನಲ್ಲಿ ಹೇಗೆ ಉಣ್ಣಬೇಕೆಂಬುದು ಹೊಸ ಪ್ರಶ್ನೆ. ೧೮೫೫ರಲ್ಲಿ ಹೊನ್ನಾವರದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಲಿತು, ಮುಂದೆ ೧೯೦೦ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರೂ ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರೂ ಆದ ನಾರಾಯಣ ಗಣೇಶ ಚಂದಾವರಕರರು ೧೮೮೫ರಲ್ಲಿ, ಬಂಗಾಲದ ಮನಮೋಹನ ಘೋಷ, ಮದರಾಸಿನ ರಾಮಸ್ವಾಮಿ ಮುದಲಿಯಾರ್ ಇವರೊಡನೆ, ಅಲ್ಲಿಯ ಚುನಾವಣೆಯ ಮುನ್ನ ಹಿಂದುಸ್ಥಾನದ ಅಹವಾಲನ್ನು ಹೇಳಲು ಇಂಗ್ಲೆಂಡಿಗೆ ಹೋದರು. ಮೂರು ವರ್ಷಗಳ ಬಳಿಕ, ೧೮೮೮ರ ಸೆಪ್ಟೆಂಬರ್ ೪ರಂದು, ಮೋಹನದಾಸ ಗಾಂಧಿಯವರು ಮುಂಬಯಿಯಿಂದ ಹೊರಟರು. ಯಾವ ಪದಾರ್ಥದಲ್ಲಿ ಮಾಂಸವಿಲ್ಲವೆಂದು ಕೇಳುವುದಕ್ಕೆ ನಾಚಿಕೆ, ಚೂರಿಮುಳ್ಳುಗಳನ್ನು ಹಿಡಿಯಲು ಬಾರದೆಂಬ ಸಂಕೋಚ. ತಾವು ಕಟ್ಟಿಕೊಂಡು ತಂದ ಸಿಹಿತಿಂಡಿ ಹಣ್ಣುಗಳನ್ನು ಕೋಣೆಯಲ್ಲಿಯೇ ತಿಂದು ದಿನ ಕಳೆದೆವೆಂದು ಅವರೇ ಹೇಳಿಕೊಂಡಿದ್ದಾರೆ. ೧೯೦೨ರಲ್ಲಿ ಜಯಪುರದ ಮಹಾರಾಜ ಮಾಧೋಸಿಂಹನು ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೋಗುವಾಗ ಒಲಿಂಪಿಯ ಎಂಬ ಇಡಿಯ ಹಡಗನ್ನೇ ಬಾಡಿಗೆಗೆ ಹಿಡಿದು, ಬೃಹತ್ತಾದ ಬೆಳ್ಳಿಯ ಹಂಡೆಗಳಲ್ಲಿ ಗಂಗಾಜಲವನ್ನು ತುಂಬಿಸಿಕೊಂಡು ಹೋದನು. ಅರಸನಿಗೆ ಹಂಡೆ ಇತ್ತು. ವಿದ್ಯಾರ್ಥಿಗೆ ಗಂಟೂ ಸಂಕೋಚವೂ ಇದ್ದುವು.

ಮರಳಿ ಬಂದ ಮೇಲಿನ ಕಷ್ಟವು ಇನ್ನೂ ದೊಡ್ಡದು. ಬೌಧಾಯನ ಧರ್ಮಸೂತ್ರವು ಸಮುದ್ರಯಾನವನ್ನು ಪತನಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿದೆ. ಅದೇ ಗ್ರಂಥವು ಸಮುದ್ರಯಾನವು ಉತ್ತರದೇಶದವರ ಆಚಾರಗಳಲ್ಲೊಂದೆಂದೂ ಹೇಳುತ್ತದೆ. ಭಟ್ಕಳದ ನವಾಯತ ವರ್ತಕರಿಗಾಗಲಿ ಕಡಲನ್ನೇ ನಂಬಿದ ಖಾರ್ವಿಗಳಿಗಾಗಲಿ ಈ ತೊಡಕಿರಲಿಲ್ಲ. ಇದ್ದುದು ಹೊಸ ವಿದ್ಯೆಯಲ್ಲಿ ಮುಂದಾಗಿದ್ದ ಬ್ರಾಹ್ಮಣ ಮನೆತನಗಳಿಗೆ. ಚಂದಾವರಕರರು ಹುಟ್ಟಿದ ಸಾರಸ್ವತ ಸಮಾಜದ ಚಿತ್ರಾಪುರ ಮಠವು ಭಟ್ಕಳ ತಾಲೂಕಿನ ಶಿರಾಲಿಯಲ್ಲಿದೆ. ೧೯೧೫ರ ವರೆಗೆ ಪೀಠದಲ್ಲಿದ್ದ ಪಾಂಡುರಂಗಾಶ್ರಮ ಸ್ವಾಮಿಗಳು ಸಮುದ್ರಯಾನದ ನಿಷೇಧವನ್ನು ದೃಢವಾಗಿ ಎತ್ತಿಹಿಡಿದರು. ನಿಷೇಧವನ್ನು ಬೆಂಬಲಿಸಿದವರ ವಾದವು ತಳ್ಳಿಹಾಕತಕ್ಕದ್ದಲ್ಲ: ಚಿಕ್ಕದಾದ ಸಮಾಜವು ಚದರಿಹೋಗುತ್ತಿರುವಾಗ ಅದನ್ನು ಹಿಡಿದಿಟ್ಟ ಕಟ್ಟು ಪಂಕ್ತಿಯೊಂದೇ, ಅದನ್ನೂ ಬಿಚ್ಚಿದರೆ ಉಳಿಯುವುದೇನು? ಇನ್ನೊಂದು ಪಕ್ಷದವರು ಕೇಳಿದುದು ಹೀಗೆ: ಸಮಾಜದ ಕೀರ್ತಿಗಾಗಿ ದೂರ ಹೋದ ಮಗನಿಗೆ ಸ್ವಂತ ಮನೆಯಲ್ಲಿ ಎಲೆಯಿಲ್ಲವೆಂದ ಮೇಲೆ ಆ ಪಂಕ್ತಿಯು ಯಾರನ್ನು ಹಿಡಿದಿಟ್ಟಂತಾಯಿತು? ಬಹಿಷ್ಕಾರವೆಂಬುದು ಕಾಗದದ ಮೇಲಿನ ಶಬ್ದವಲ್ಲ. ಹಡಗಿನಿಂದಿಳಿದು ಬಂದವನೊಡನೆ ಉಂಡವನಿಗೂ ಅದೇ ದೋಷವು ತಟ್ಟುವುದರಿಂದ ತಾಯಿಯು ಮಗನಿಗೆ ಜಗಲಿಯಲ್ಲಿ ಬಡಿಸಬೇಕು. ತಂಗಿಯ ಮದುವೆಯ ಊಟಕ್ಕೆ ಅಣ್ಣನು ಬರಕೂಡದು. ಬಂದರೆ ಪುರೋಹಿತನು ಬಾರನು. ಕೋಣೆಯಲ್ಲಿ ಅಡಗಿ ತಿಂದ ಸಿಹಿಯೂ ಒಂದೇ, ಕಪ್ತಾನನ ಮೇಜಿನಲ್ಲಿ ಕುಳಿತು ಉಂಡುದೂ ಒಂದೇ, ದೋಷವು ಹಡಗಿನದು.

ಈ ಬಿಗಿಯು ಒಂದೇ ದಿನದಲ್ಲಿ ಹರಿಯಲಿಲ್ಲ. ೧೯೧೫ರಲ್ಲಿ ಪೀಠಕ್ಕೆ ಬಂದ ಆನಂದಾಶ್ರಮ ಸ್ವಾಮಿಗಳ ಕಾಲದಲ್ಲಿ ಅದು ಮೆಲ್ಲನೆ ಸಡಿಲವಾಯಿತು. ಇತರ ಸಮಾಜಗಳಲ್ಲಿಯೂ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೀಗೆಯೇ ನಡೆಯಿತು: ಮೊದಲು ಪ್ರಾಯಶ್ಚಿತ್ತ, ಬಳಿಕ ಪ್ರಾಯಶ್ಚಿತ್ತದ ಹೆಸರು, ಕಡೆಗೆ ಅದೂ ಇಲ್ಲ. ಶಾಸ್ತ್ರಾರ್ಥದ ವಾದಗಳು ಇದಕ್ಕೆ ಕಾರಣವಾದುವೆಂದು ಹೇಳುವುದಕ್ಕಿಂತ, ಹೋಗಿಬಂದವರ ಸಂಖ್ಯೆಯು ಬೆಳೆದು ಒಬ್ಬರಾದರೂ ಇಲ್ಲದ ಮನೆಯೇ ಉಳಿಯದಂತಾದುದು ಕಾರಣವೆನ್ನುವುದು ಸತ್ಯಕ್ಕೆ ಸಮೀಪವಾದೀತು. ಪರರ ಮಗನನ್ನು ಹೊರಗೆ ಕೂರಿಸುವುದು ಸುಲಭ; ತನ್ನ ಮಗನನ್ನು ಕೂರಿಸುವುದು ಯಾರಿಗೂ ಸುಲಭವಲ್ಲ.

ಇಂದು ಆ ಆಗಬೋಟುಗಳಿಲ್ಲ. ೧೯೯೮ರಲ್ಲಿ ಕೊಂಕಣ ರೇಲ್ವೆಯು ಪೂರ್ಣವಾದ ಮೇಲೆ ಮುಂಬಯಿಯ ದಾರಿಯೂ ನೆಲದ ದಾರಿಯಾಯಿತು. ನವಮಂಗಳೂರಿನ ಬಂದರಿಗೆ ವಿಹಾರಯಾತ್ರೆಯ ದೊಡ್ಡ ಹಡಗುಗಳು ಬಂದು ಹೋಗುತ್ತವೆ. ಪಂಕ್ತಿಭೇದವೆಂಬ ಮಾತನ್ನು ಗಟ್ಟಿಯಾಗಿ ಆಡಲು ಈಗ ಎರಡು ಪಕ್ಷದವರೂ ನಾಚುತ್ತಾರೆ. ಆದರೆ ಭೇದವು ನಾಚಿಕೆಯೊಡನೆಯೇ ಹೋಯಿತೆಂದು ತಿಳಿಯಲಾಗದು. ಯಾರು ಯಾರ ಮನೆಯಲ್ಲಿ ಉಣ್ಣುತ್ತಾರೆ, ಯಾರಿಗೆ ಎಲೆ, ಯಾರಿಗೆ ಜಗಲಿ ಎಂಬ ಪ್ರಶ್ನೆಯನ್ನು ಊರೂರಿನ ಮನೆಮನೆಯೂ ಕೇಳಿಕೊಳ್ಳಬೇಕಾದ ದಿನಗಳು ಇನ್ನೂ ಮುಗಿದಿಲ್ಲ. ಆರು ಶತಮಾನಗಳ ಈ ಚರಿತ್ರೆಯಿಂದ ತಿಳಿಯಬರುವುದಿಷ್ಟೇ: ಊಟದ ಪದ್ಧತಿಗಳಲ್ಲಿ ಅನಾದಿಯಾದುದು ಬಹಳ ಕಡಿಮೆ. ಇಂಗ್ಲೀಷನ ಮುಳ್ಳುಚಮಚವು ಇಟಲಿಯದು, ಅವನ ಚಹಾ ಚೀನದ್ದು, ಅವನ ಮೆಣಸು ಗೇರಸೊಪ್ಪೆಯದು. ಕರಾವಳಿಯ ಸಾರಿನ ಕೆಂಪುಮೆಣಸು ಅಮೆರಿಕೆಯದು. ಪದಾರ್ಥಗಳು ಕಲಿತ ಸಹಪಂಕ್ತಿಯನ್ನು ಮನುಷ್ಯರು ಬಹಳ ತಡವಾಗಿ ಕಲಿತರು. ಭಟ್ಕಳದಲ್ಲಿ ಸತ್ತ ಹದಿನೆಂಟು ಮಂದಿಗೂ, ಸ್ವಂತ ಮನೆಯ ಜಗಲಿಯಲ್ಲಿ ಒಂಟಿಯಾಗಿ ಉಂಡವರಿಗೂ, ಆ ತಡವೇ ಮುಳುವಾಯಿತು. ಹೊನ್ನಾವರದಲ್ಲಿ ಅನ್ನವನ್ನುಂಡ ದೂರದೇಶದ ಅತಿಥಿಯೂ, ಅವನಿಗೆ ಕ್ರಮವರಿತು ಬಡಿಸಿದ ಕೈಯೂ ಮಾಡಿ ತೋರಿಸಿದ ಕೆಲಸವು ಕಠಿನವಾದುದಲ್ಲ. ಅದಕ್ಕೆ ಬೇಕಾದುದು ಒಂದು ಸೌಟು ಅನ್ನ, ಪಕ್ಕದಲ್ಲಿ ಕುಳಿತವನ ಎಲೆಯ ಕಡೆಗೆ ಸ್ವಲ್ಪ ಲಕ್ಷ್ಯ.